ಹಾಲಿನ ಕ್ಯಾನು, ಮೋಟರಿನ ನಡುಕ: ಎಡಿಸಿಗೆ ಬೇಕಾದಂತೆ ಬದಲಾಯಿಸಬಹುದಾದ ಡಿಜಿಟಲ್ ಫಿಲ್ಟರ್ ಕಟ್ಟುವುದು ಹೇಗೆ

ಚಿಕ್ಕಪ್ಪನ ಮನೆಯಲ್ಲಿ ಹಾಲು ಕರೆಯುವ ಯಂತ್ರ ಇದೆ. ಕರೆದ ಹಾಲು 40 ಲೀಟರಿನ ಕ್ಯಾನಿಗೆ ಹೋಗುತ್ತದೆ, ಕ್ಯಾನು ಡೇರಿಗೆ ಹೋಗುತ್ತದೆ. ಮನೆ ಬಿಡುವ ಮುಂಚೆಯೇ ತೂಕ ಗೊತ್ತಾದರೆ ಒಳ್ಳೆಯದು ಅಂತ ಅವರಿಗೆ ಆಸೆ. ಹಾಗಾಗಿ ಒಂದು ತೂಕದ ಪ್ಲಾಟ್‌ಫಾರ್ಮ್ ಮಾಡಿಕೊಟ್ಟೆ. 100 ಕೆಜಿಯ ಲೋಡ್‌ಸೆಲ್ (ಭಾರವನ್ನು ವೋಲ್ಟೇಜಾಗಿ ತೋರಿಸುವ ಸೆನ್ಸರ್), ಎಡಿಎಸ್1256 ಎಂಬ 24 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಮಾಡ್ಯೂಲ್, ಒಂದು ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಬೋರ್ಡ್. ಮೇಜಿನ ಮೇಲೆ ಎಲ್ಲ ಚೆನ್ನಾಗಿತ್ತು. ಕೊಟ್ಟಿಗೆಗೆ ಒಯ್ದು, ಮೋಟರ್ ಹಾಕಿ, ಕ್ಯಾನು ಇಟ್ಟೆವು. ಡಿಸ್‌ಪ್ಲೇಯಲ್ಲಿ 38.12, 38.51, 37.84 ಅಂತ ಅಂಕಿ ಓಡುತ್ತಲೇ ಇತ್ತು.

"ಇದ್ರಲ್ಲಿ ಯಾವ್ದನ್ನ ಬರ್ಕೊಳ್ಲಿ?" ಅಂದರು ಚಿಕ್ಕಪ್ಪ.

ಆ ಪ್ರಶ್ನೆಗೆ ಉತ್ತರ ಹುಡುಕಿದ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಅಂಕಿಗಳಲ್ಲಿನ ಬೇಡದ ಕುಣಿತವನ್ನು ಗದ್ದಲ ಅನ್ನೋಣ. ಅದನ್ನು ಲೆಕ್ಕ ಮಾಡಿ ತೆಗೆಯುವುದೇ ಡಿಜಿಟಲ್ ಫಿಲ್ಟರ್. ನಿಮ್ಮದು ತೂಕ ಅಲ್ಲದೆ ತಾಪಮಾನ, ಒತ್ತಡ, ನೀರಿನ ಮಟ್ಟ ಯಾವುದೇ ಆಗಿರಬಹುದು. ಎಡಿಸಿಯೂ ಬೇರೆ ಇರಬಹುದು. ಲೆಕ್ಕದ ದಾರಿ ಒಂದೇ. ಸಿ ಭಾಷೆಯಲ್ಲಿ ಅರೇ, ಲೂಪ್ ಬರೆಯಲು ಬಂದರೆ ಸಾಕು. ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ಅನುಕೂಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ತಕ್ಕಡಿ ಮನೆಯ ಲೆಕ್ಕಕ್ಕೆ ಮಾತ್ರ. ಕೊಡುವ ಕೊಳ್ಳುವ ವ್ಯವಹಾರಕ್ಕೆ ಬಳಸುವ ತೂಕದ ಯಂತ್ರಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಪರಿಶೀಲನೆ, ಮುದ್ರೆ ಎಲ್ಲ ಬೇಕು.

1. ಫಿಲ್ಟರ್ ಬರೆಯುವ ಮುಂಚೆ ಗದ್ದಲವನ್ನು ನೋಡಿ

ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಏನು? ಅಂಕಿ ಕುಣಿಯುತ್ತಿದೆ, ಸರಿ, 100 ಸ್ಯಾಂಪಲ್ (ಎಡಿಸಿ ಒಂದೊಂದು ಸಲ ಓದಿದ ಅಂಕಿ) ಸರಾಸರಿ ತೆಗೆಯೋಣ ಅನ್ನುವುದು. ನಾನೂ ಅದನ್ನೇ ಮಾಡಿದ್ದೆ. ಮೇಲೆ ಹೇಳಿದ 38.12, 38.51 ಎಲ್ಲ ಆ ಸರಾಸರಿ ತೆಗೆದ ಮೇಲೂ ಬಂದ ಅಂಕಿಗಳು. 100 ಯಾಕೆ ಅಂತ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ.

ಹಾಗಾಗಿ ಮೊದಲು ಆ ಸರಾಸರಿಯನ್ನು ತೆಗೆದುಹಾಕಿ. ಎಡಿಸಿಯನ್ನು ಸೆಕೆಂಡಿಗೆ 1000 ಸ್ಯಾಂಪಲ್‌ಗೆ ಇಡಿ. ತೂಕ ಇಟ್ಟು, ಸುತ್ತಲಿನ ಎಲ್ಲ ಯಂತ್ರ ಓಡುತ್ತಿರುವಾಗಲೇ 10 ಸೆಕೆಂಡ್ ಕಚ್ಚಾ ಅಂಕಿಗಳನ್ನು ಕಂಪ್ಯೂಟರಿಗೆ ಕಳಿಸಿ. ಆ 10,000 ಸ್ಯಾಂಪಲ್‌ಗಳಿಗೆ ಪೈಥಾನಿನಲ್ಲಿ ಎಫ್‌ಎಫ್‌ಟಿ (ಯಾವ ಫ್ರೀಕ್ವೆನ್ಸಿಯ ಏರಿಳಿತ ಎಷ್ಟಿದೆ ಅಂತ ಬಿಡಿಸುವ ಲೆಕ್ಕ) ಮಾಡಿ ಗ್ರಾಫ್ ಹಾಕಿ. 10 ಸೆಕೆಂಡಿನ ದಾಖಲೆ ಇದ್ದರೆ 0.1 ಹರ್ಟ್ಜ್‌ವರೆಗೂ ಬಿಡಿಸಿ ನೋಡಬಹುದು.

ನನ್ನ ಗ್ರಾಫಿನಲ್ಲಿ ಮೂರು ಗುಡ್ಡ ಎದ್ದು ಕಂಡವು.

ಒಂದು, 50 ಹರ್ಟ್ಜ್. ಅದರ ಜೊತೆ 100, 150ರಲ್ಲೂ ಚಿಕ್ಕವು. ಇದು ಕರೆಂಟಿನ ಹಮ್. ತೂಕದ ಲೆಕ್ಕದಲ್ಲಿ ಸುಮಾರು 150 ಗ್ರಾಂ ಆಚೀಚೆ.

ಎರಡು, 24 ಹರ್ಟ್ಜ್. ಮೊದಲು ಇದು ಎಲ್ಲಿಂದ ಬಂತು ಅಂತ ಗೊತ್ತಾಗಲಿಲ್ಲ. ಆಮೇಲೆ ಮೋಟರಿನ ತಗಡಿನ ಮೇಲೆ 1440 ಆರ್‌ಪಿಎಂ ಅಂತ ಓದಿದೆ. 60ರಿಂದ ಭಾಗಿಸಿದರೆ 24. ನೆಲದ ಮೂಲಕ ಮೋಟರಿನ ನಡುಕ ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು. ಇದು 300 ಗ್ರಾಂ.

ಮೂರು, 1.6 ಹರ್ಟ್ಜ್ ಹತ್ತಿರ. ಇದು ಕ್ಯಾನಿನೊಳಗೆ ಹಾಲು ತುಳುಕುವುದು. ಕ್ಯಾನು ಇಟ್ಟ ಕೂಡಲೇ 400 ಗ್ರಾಂ ತನಕ ಇರುತ್ತದೆ, ಮೆಲ್ಲಗೆ ಇಳಿಯುತ್ತದೆ. ಕ್ಯಾನು ಕಾಲುಭಾಗ ಮಾತ್ರ ತುಂಬಿದ್ದರೆ 1.5ಕ್ಕೆ ಬರುತ್ತದೆ.

ಈಗ 100 ಸ್ಯಾಂಪಲ್ ಸರಾಸರಿ ಯಾಕೆ ಸೋತಿತು ಅಂತ ನೋಡಿ. ಅದು 0.1 ಸೆಕೆಂಡಿನ ಸರಾಸರಿ. 50 ಹರ್ಟ್ಜ್ ಅದರಲ್ಲಿ ಸರಿಯಾಗಿ 5 ಸುತ್ತು ಮುಗಿಸುತ್ತದೆ, ಹಾಗಾಗಿ ಪೂರ್ತಿ ಅಳಿಸಿಹೋಗುತ್ತದೆ. 24 ಹರ್ಟ್ಜ್ 2.4 ಸುತ್ತು ಹೊಡೆಯುತ್ತದೆ. ಉಳಿದ ಅರೆಬರೆ ಸುತ್ತು ಅಳಿಯುವುದಿಲ್ಲ. 300 ಗ್ರಾಂ ನಡುಕದಲ್ಲಿ ಇನ್ನೂ 38 ಗ್ರಾಂ ಉಳಿಯುತ್ತದೆ. ತುಳುಕಾಟಕ್ಕಂತೂ ಏನೂ ಆಗುವುದೇ ಇಲ್ಲ.

ಸರಾಸರಿ ಅನ್ನುವುದೂ ಒಂದು ಫಿಲ್ಟರೇ. ಅದಕ್ಕೆ ಸೊನ್ನೆಗಳಿವೆ, ಅಂದರೆ ಕೆಲವು ಫ್ರೀಕ್ವೆನ್ಸಿಗಳನ್ನು ಅದು ಪೂರ್ತಿ ನುಂಗಿಬಿಡುತ್ತದೆ. ಆ ಸೊನ್ನೆಗಳನ್ನು ನಿಮ್ಮ ಗದ್ದಲ ಇರುವ ಜಾಗಕ್ಕೆ ತಂದು ಕೂರಿಸುವುದೇ ಈ ಲೇಖನದ ಕೆಲಸ.

2. ಎಷ್ಟು ಹೊತ್ತು ಕಾಯಬಲ್ಲಿರಿ ಅಂತ ಬರೆದಿಟ್ಟುಕೊಳ್ಳಿ

ಎಲ್ಲ ಫಿಲ್ಟರೂ ಹೊತ್ತು ತಿನ್ನುತ್ತದೆ. ಆದ್ದರಿಂದ ಬಳಸುವವರನ್ನು ಕೇಳಿ. ಚಿಕ್ಕಪ್ಪನ ಉತ್ತರ ಹೀಗಿತ್ತು: ಕ್ಯಾನು ಇಟ್ಟ ತಕ್ಷಣ ಅಂದಾಜು ಅಂಕಿ ಕಾಣಬೇಕು, ಒಂದೂವರೆ ಸೆಕೆಂಡಿನೊಳಗೆ ಬರೆದುಕೊಳ್ಳುವ ಅಂಕಿ ನಿಲ್ಲಬೇಕು, 10 ಗ್ರಾಂ ಆಚೀಚೆ ಆದರೆ ಪರವಾಗಿಲ್ಲ.

ಇದರಲ್ಲೇ ಎರಡು ಫಿಲ್ಟರ್ ಅಡಗಿವೆ, ಅಲ್ವಾ? ಒಂದು ಚುರುಕು, ಒಂದು ನಿಧಾನ. ಒಂದೇ ಫಿಲ್ಟರಿನಲ್ಲಿ ಎರಡನ್ನೂ ತುರುಕಲು ಹೋಗಬೇಡಿ. ಗುಣಾಂಕಗಳನ್ನು, ಅಂದರೆ ಯಾವ ಸ್ಯಾಂಪಲ್‌ಗೆ ಎಷ್ಟು ಬೆಲೆ ಅನ್ನುವ ಪಟ್ಟಿಯನ್ನು, ಬದಲಾಯಿಸುವಂತೆ ಇಟ್ಟರೆ ಒಂದೇ ಕೋಡು ಎರಡಕ್ಕೂ ಸಾಕು.

ವೋಲ್ಟೇಜಿನ ಲೆಕ್ಕವನ್ನೂ ಒಮ್ಮೆ ಮಾಡಿ. ನನ್ನ ಲೋಡ್‌ಸೆಲ್ ಒಂದು ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವಂಥದ್ದು. 5 ವೋಲ್ಟ್ ಕೊಟ್ಟರೆ 100 ಕೆಜಿಗೆ 10 ಮಿಲಿವೋಲ್ಟ್. ಅಂದರೆ 10 ಗ್ರಾಂಗೆ 1 ಮೈಕ್ರೋವೋಲ್ಟ್. ನಾವು ಹುಡುಕುತ್ತಿರುವುದು ಎಷ್ಟು ಸಣ್ಣದು ಅಂತ ಇದರಿಂದ ಗೊತ್ತಾಗುತ್ತದೆ.

3. ಡಿಜಿಟಲ್‌ಗೆ ಮುಂಚಿನ ಎರಡು ರೆಸಿಸ್ಟರ್

ಈ ತಕ್ಕಡಿಗೂ ಮೊದಲು ಇನ್ನೊಂದು ಮಾಡಿದ್ದೆ. ಮೈಕ್ರೋಕಂಟ್ರೋಲರಿನ ಒಳಗಿರುವ 12 ಬಿಟ್ ಎಡಿಸಿಯನ್ನು ಸೆಕೆಂಡಿಗೆ 10 ಸಲ ಓದುತ್ತಿದ್ದೆ. ತೂಕ ಅಲೆಯ ಹಾಗೆ ಮೆಲ್ಲಗೆ ಏರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಲೋಡ್‌ಸೆಲ್ ಕೆಟ್ಟಿದೆ ಅಂದುಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಹೊಸದು ತಂದೆ. ಅದರಲ್ಲೂ ಅದೇ ಅಲೆ. ಲೋಡ್‌ಸೆಲ್‌ನಲ್ಲಿ ತಪ್ಪೇ ಇರಲಿಲ್ಲ. ಕರೆಂಟು 50.02 ಹರ್ಟ್ಜ್ ಇದ್ದು, ನೀವು ಸೆಕೆಂಡಿಗೆ 10 ಸಲ ಮಾತ್ರ ನೋಡಿದರೆ, ಅದು 0.02 ಹರ್ಟ್ಜ್ ಅಲೆಯಾಗಿ ಕಾಣುತ್ತದೆ. ಅಂದರೆ 50 ಸೆಕೆಂಡಿಗೆ ಒಂದು ಸುತ್ತು. ಟ್ಯೂಬ್‌ಲೈಟಿನ ಬೆಳಕಲ್ಲಿ ತಿರುಗುವ ಫ್ಯಾನು ಒಮ್ಮೊಮ್ಮೆ ನಿಂತಂತೆ, ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಮೋಸ. ಇದಕ್ಕೆ ಏಲಿಯಾಸಿಂಗ್ ಅನ್ನುತ್ತಾರೆ.

ಒಮ್ಮೆ ಹೀಗೆ ವೇಷ ಹಾಕಿಕೊಂಡು ಒಳಗೆ ಬಂದ ಗದ್ದಲವನ್ನು ಯಾವ ಡಿಜಿಟಲ್ ಫಿಲ್ಟರೂ ಬೇರೆ ಮಾಡಲಾರದು. ಅದಕ್ಕೇ ಮೊದಲು ವೇಗವಾಗಿ ಓದಿ, ಆಮೇಲೆ ಫಿಲ್ಟರ್ ಮಾಡಿ, ಕೊನೆಗೆ ಸ್ಯಾಂಪಲ್ ಸಂಖ್ಯೆ ಇಳಿಸಬೇಕು. ಈ ಕ್ರಮ ತಪ್ಪಬಾರದು.

ಎಡಿಎಸ್1256 ಒಳಗೆ ಸಿಗ್ಮಾ-ಡೆಲ್ಟಾ ಮಾಡ್ಯುಲೇಟರ್ (ಬಹಳ ವೇಗವಾಗಿ, ಒರಟಾಗಿ ಅಳೆಯುವ ಭಾಗ) ಇದೆ. 7.68 ಮೆಗಾಹರ್ಟ್ಜ್ ಕ್ರಿಸ್ಟಲ್ ಇದ್ದರೆ ಅದು ಸೆಕೆಂಡಿಗೆ 19.2 ಲಕ್ಷ ಸಲ ಓದುತ್ತದೆ. ಅದರ ಒಳಗಿನ ಫಿಲ್ಟರ್ 1.92 ಮೆಗಾಹರ್ಟ್ಜ್ ಸುತ್ತಮುತ್ತ ಬರುವುದನ್ನು ತಡೆಯುವುದಿಲ್ಲ. ಅದನ್ನು ತಡೆಯಲು ಎರಡು ಇನ್‌ಪುಟ್ ತಂತಿಗಳಿಗೂ ಒಂದೊಂದು 300 ಓಮ್ ರೆಸಿಸ್ಟರ್, ಎರಡರ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಇದು 2.6 ಕಿಲೋಹರ್ಟ್ಜ್‌ನಿಂದ ಆಚೆ ತಗ್ಗಿಸತೊಡಗುತ್ತದೆ, 1.92 ಮೆಗಾಹರ್ಟ್ಜ್‌ನಲ್ಲಿ 700 ಪಟ್ಟು ಕಡಿಮೆ ಮಾಡುತ್ತದೆ. ಎರಡೂ ತಂತಿಯಿಂದ ಗ್ರೌಂಡಿಗೆ ಕೆಪಾಸಿಟರ್ ಹಾಕುವುದಾದರೆ ಅವು ಹತ್ತು ಪಟ್ಟು ಚಿಕ್ಕವಿರಲಿ.

4. ಗಡಿಯಾರ ಸರಿ ಇದೆಯಾ?

ಇದು ಚಿಕ್ಕ ಹಂತ. ಆದರೆ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಫಿಲ್ಟರಿನ ಸೊನ್ನೆ ಎಲ್ಲಿ ಬೀಳುತ್ತದೆ ಅನ್ನುವುದು ಸ್ಯಾಂಪಲ್ ವೇಗದ ಮೇಲೆ ನಿಂತಿದೆ. ನಾನು ಮೊದಲು ಲೂಪ್ ಒಳಗೇ ಎಡಿಸಿ ಓದಿ, ಅಲ್ಲೇ ಸೀರಿಯಲ್ ಪೋರ್ಟಿಗೆ ಪ್ರಿಂಟ್ ಮಾಡುತ್ತಿದ್ದೆ. 1000 ಅಂದುಕೊಂಡದ್ದು ಎಣಿಸಿದಾಗ 870 ಇತ್ತು. 50ರಲ್ಲಿ ಇರಬೇಕಾದ ಸೊನ್ನೆ 43.5ಕ್ಕೆ ಹೋಗಿ ಕೂತಿತ್ತು.

ಎಡಿಸಿಯ ಡೇಟಾ ರೆಡಿ ಪಿನ್ನನ್ನು ಇಂಟರಪ್ಟಿಗೆ (ಸೂಚನೆ ಬಂದ ಕೂಡಲೇ ಪ್ರೊಸೆಸರ್ ಓಡಿಸುವ ಚಿಕ್ಕ ಕೋಡು) ಕೊಡಿ. ಇಂಟರಪ್ಟ್ ಒಳಗೆ ಓದಿ ಬಫರಿಗೆ ಹಾಕಿ, ಅಷ್ಟೇ. ಪ್ರಿಂಟು, ಡಿಸ್‌ಪ್ಲೇ ಎಲ್ಲ ಹೊರಗಿನ ಲೂಪಿನಲ್ಲಿ. ಒಂದು ನಿಮಿಷ ಎಣಿಸಿ, 60,000 ಬಂದರೆ ಮುಂದೆ ಹೋಗಿ. ಮೈಕ್ರೋಕಂಟ್ರೋಲರಿನ ಸ್ವಂತ ಎಡಿಸಿ ಬಳಸುವವರು ಟೈಮರಿನಿಂದ ಶುರುಮಾಡಿಸಿ. ಒಳಗಿನ ಆರ್‌ಸಿ ಆಸಿಲೇಟರ್ ಬದಲು ಕ್ರಿಸ್ಟಲ್ ಹಾಕಿ.

5. ಮೊದಲ ಹಂತ: 50 ಹರ್ಟ್ಜ್‌ಗೆ ಸಿಐಸಿ

ಸೆಕೆಂಡಿಗೆ 1000 ಇರುವುದನ್ನು 50ಕ್ಕೆ ಇಳಿಸೋಣ. 20 ಸ್ಯಾಂಪಲ್‌ಗೆ ಒಂದು ಉತ್ತರ. 20 ಸ್ಯಾಂಪಲ್ ಅಂದರೆ 20 ಮಿಲಿಸೆಕೆಂಡ್, ಸರಿಯಾಗಿ 50 ಹರ್ಟ್ಜ್‌ನ ಒಂದು ಸುತ್ತು. ಸೊನ್ನೆಗಳು 50, 100, 150 ಎಲ್ಲದರ ಮೇಲೂ ತಾವಾಗಿ ಬೀಳುತ್ತವೆ.

ಆದರೆ ಕರೆಂಟು ಯಾವಾಗಲೂ ಸರಿಯಾಗಿ 50 ಇರುತ್ತದಾ? ನಮ್ಮ ದೇಶದ ಗ್ರಿಡ್ ನಿಯಮ 49.90ರಿಂದ 50.05ರ ನಡುವೆ ಇರಬೇಕು ಅನ್ನುತ್ತದೆ. ಹಳ್ಳಿಯಲ್ಲಿ ಜನರೇಟರ್ ಹಾಕಿದರೆ ಇನ್ನೂ ಆಚೀಚೆ ಹೋಗುತ್ತದೆ. 49.5 ಇದ್ದಾಗ ಒಂದು ಸಲ ಸರಾಸರಿ ತೆಗೆದರೆ ಹಮ್ ನೂರನೇ ಒಂದಕ್ಕೆ ಇಳಿಯುತ್ತದೆ. ಅದೇ ಸರಾಸರಿಯನ್ನು ಮೂರು ಸಲ, ಒಂದರ ಮೇಲೊಂದು ತೆಗೆದರೆ? ನೂರನೇ ಒಂದು ಮೂರು ಸಲ ಗುಣಿಸಿ. ಹತ್ತು ಲಕ್ಷದಲ್ಲಿ ಒಂದು. ಸೊನ್ನೆ ಅಗಲವಾಗುತ್ತದೆ ಅನ್ನುವುದು ಇದಕ್ಕೇ. ಇದನ್ನು ಸಿಂಕ್3 ಅನ್ನುತ್ತಾರೆ.

ಮೂರು ಸಲ ತೆಗೆಯಲು ಇನ್ನೊಂದು ಕಾರಣವೂ ಇದೆ. 50ಕ್ಕೆ ಇಳಿಸಿದ ಮೇಲೆ 47ರಿಂದ 53 ಹರ್ಟ್ಜ್‌ವರೆಗಿನದೆಲ್ಲ 0ದಿಂದ 3ರ ಒಳಗೆ ವೇಷ ಹಾಕಿ ಬರುತ್ತದೆ. ಒಂದು ಸರಾಸರಿ 47ರಲ್ಲಿ ಬರೀ 24 ಡಿಬಿ ತಗ್ಗಿಸುತ್ತದೆ, ಮೂರು ಸೇರಿದರೆ 72 ಡಿಬಿ. 20 ಡಿಬಿ ಅಂದರೆ ಹತ್ತು ಪಟ್ಟು ಅಂತ ನೆನಪಿಟ್ಟುಕೊಳ್ಳಿ.

ಮೂರು ಸರಾಸರಿಯನ್ನು ನಿಜವಾಗಿ ಮೂರು ಬಫರ್ ಇಟ್ಟು ಮಾಡಬೇಕಿಲ್ಲ. ಯೂಜೀನ್ ಹೋಗೆನಾವರ್ 1981ರಲ್ಲಿ ಪ್ರಕಟಿಸಿದ ಸಿಐಸಿ ವಿಧಾನದಲ್ಲಿ ಗುಣಾಕಾರವೇ ಇಲ್ಲ. ಬರೀ ಕೂಡಿಸುವುದು, ಕಳೆಯುವುದು.

ಮೂರು ಖಾತೆ ಇಟ್ಟುಕೊಳ್ಳಿ. ಪ್ರತಿ ಸ್ಯಾಂಪಲ್ ಬಂದಾಗ ಅದನ್ನು ಮೊದಲ ಖಾತೆಗೆ ಕೂಡಿಸಿ. ಮೊದಲ ಖಾತೆಯ ಮೊತ್ತವನ್ನು ಎರಡನೆಯದಕ್ಕೆ ಕೂಡಿಸಿ. ಎರಡನೆಯದರ ಮೊತ್ತವನ್ನು ಮೂರನೆಯದಕ್ಕೆ ಕೂಡಿಸಿ. 20ನೇ ಸ್ಯಾಂಪಲ್ ಬಂದಾಗ ಮಾತ್ರ ಮೂರು ವ್ಯತ್ಯಾಸ ತೆಗೆಯಿರಿ. ಮೂರನೇ ಖಾತೆಯ ಈಗಿನ ಮೊತ್ತದಲ್ಲಿ ಹಿಂದಿನ ಸಲದ ಮೊತ್ತ ಕಳೆಯಿರಿ. ಬಂದದ್ದರಲ್ಲಿ, ಇದೇ ಜಾಗದಲ್ಲಿ ಹಿಂದಿನ ಸಲ ಬಂದದ್ದನ್ನು ಕಳೆಯಿರಿ. ಇನ್ನೊಮ್ಮೆ ಹಾಗೇ. ಕೊನೆಗೆ ಉಳಿದದ್ದೇ ಉತ್ತರ.

ಖಾತೆಗಳು ಬೆಳೆಯುತ್ತಲೇ ಹೋಗಿ ಉಕ್ಕುವುದಿಲ್ಲವಾ? ಉಕ್ಕುತ್ತವೆ. ಉಕ್ಕಿದರೂ ಉತ್ತರ ತಪ್ಪುವುದಿಲ್ಲ. ಹಳೆಯ ಕರೆಂಟ್ ಮೀಟರನ್ನು ನೆನಪಿಸಿಕೊಳ್ಳಿ. ಹೋದ ಸಲ 99998 ಇತ್ತು, ಈ ಸಲ 00003 ಇದೆ. ಖರ್ಚಾದದ್ದು 5 ಯೂನಿಟ್ ಅಂತ ಬಿಲ್ ಬರೆಯುವವರಿಗೆ ಗೊತ್ತು. ಮೀಟರಿನಲ್ಲಿ ಸಾಕಷ್ಟು ಅಂಕಿ ಇದ್ದರೆ ಆಯಿತು. ಇಲ್ಲಿ ಎಷ್ಟು ಬೇಕು? 20ನ್ನು ಮೂರು ಸಲ ಗುಣಿಸಿದರೆ 8000, ಅದಕ್ಕೆ 13 ಬಿಟ್. ಎಡಿಸಿಯ 24 ಸೇರಿದರೆ 37. ಅಂದರೆ 32 ಬಿಟ್ ಸಾಲದು. 64 ಬಿಟ್ ಬಳಸಿ, ವೇಗದ ಚಿಂತೆ ಬೇಡ.

ಎರಡು ಎಚ್ಚರಿಕೆ. ಸಿ ಭಾಷೆಯಲ್ಲಿ ಚಿಹ್ನೆ ಇರುವ ಪೂರ್ಣಾಂಕ ಉಕ್ಕಿದರೆ ಏನಾಗುತ್ತದೆ ಅಂತ ಭಾಷೆ ಭರವಸೆ ಕೊಡುವುದಿಲ್ಲ. ಖಾತೆಗಳನ್ನು ಚಿಹ್ನೆ ಇಲ್ಲದ 64 ಬಿಟ್ ಆಗಿ ಇಟ್ಟು, ಕೊನೆಯ ಉತ್ತರವನ್ನು ಮಾತ್ರ ಚಿಹ್ನೆ ಇರುವುದಕ್ಕೆ ತಿರುಗಿಸಿ. ಎರಡನೆಯದು, ಎಡಿಸಿಯಿಂದ ಬರುವುದು ಮೂರು ಬೈಟ್. ಋಣ ಸಂಖ್ಯೆ ಆಗಿದ್ದರೆ ಮೇಲಿನ ಬಿಟ್‌ಗಳನ್ನೆಲ್ಲ 1 ಮಾಡಿ ತುಂಬಿಸುವುದನ್ನು ಮರೆಯಬೇಡಿ. ಸೊನ್ನೆ ತೂಕದ ಹತ್ತಿರ ಅಂಕಿ ಹುಚ್ಚಾಪಟ್ಟೆ ಹಾರಿದರೆ ಇದೇ ಕಾರಣ ಇರುತ್ತದೆ.

8000ರಿಂದ ಈಗಲೇ ಭಾಗಿಸಬೇಡಿ. ಭಾಗಿಸಿದರೆ ಕಷ್ಟಪಟ್ಟು ಗಳಿಸಿದ ಕೆಳಗಿನ ಬಿಟ್‌ಗಳು ಹೋಗುತ್ತವೆ. ಕೊನೆಗೆ ನೋಡಿಕೊಳ್ಳೋಣ.

ರಿಲೇ ಟಕ್ ಅಂದಾಗ ಒಂದೇ ಒಂದು ಸ್ಯಾಂಪಲ್ ಚಿಮ್ಮುವ ತೊಂದರೆ ನಿಮ್ಮಲ್ಲಿದ್ದರೆ, ಸಿಐಸಿಗೂ ಮುಂಚೆ ಮೂರು ಸ್ಯಾಂಪಲ್‌ಗಳ ನಡುವಿನದನ್ನು ಆರಿಸುವ ಮೀಡಿಯನ್ ಹಾಕಿ. ಸರಾಸರಿ ಆ ಚಿಮ್ಮನ್ನು ಅಳಿಸುವುದಿಲ್ಲ, ಉದ್ದಕ್ಕೂ ಬಳಿಯುತ್ತದೆ.

6. ಎರಡನೇ ಹಂತ: ಗುಣಾಂಕಗಳ ಪಟ್ಟಿ

ಈಗ ಸೆಕೆಂಡಿಗೆ 50 ಅಂಕಿ ಬರುತ್ತಿವೆ. 50 ಹರ್ಟ್ಜ್ ಹೋಯಿತು. 24 ಹರ್ಟ್ಜ್ ಸಿಐಸಿಯಲ್ಲಿ 11 ಡಿಬಿ ಹತ್ತಿರ ತಗ್ಗಿದೆ, ಇನ್ನೂ ಇದೆ. 1.6 ಹಾಗೇ ಇದೆ. ಇಲ್ಲಿಗೆ ಎಫ್‌ಐಆರ್ ಫಿಲ್ಟರ್. ಕೊನೆಯ ಇಷ್ಟು ಅಂಕಿಗಳನ್ನು ಇಟ್ಟುಕೊಂಡು, ಒಂದೊಂದನ್ನೂ ಅದರ ಗುಣಾಂಕದಿಂದ ಗುಣಿಸಿ ಕೂಡಿಸುವುದು. ಕೋಡು ಐದಾರು ಸಾಲು. ಬುದ್ಧಿ ಇರುವುದೆಲ್ಲ ಪಟ್ಟಿಯಲ್ಲಿ.

ಪಟ್ಟಿ ಮಾಡುವ ಪಠ್ಯಪುಸ್ತಕದ ದಾರಿ ಕೈಸರ್ ವಿಂಡೋ. ಯಾವ ಫ್ರೀಕ್ವೆನ್ಸಿವರೆಗೆ ಬಿಡಬೇಕು, ಎಲ್ಲಿಂದ ತಡೆಯಬೇಕು, ಎಷ್ಟು ತಡೆಯಬೇಕು ಹೇಳಿದರೆ ಎಷ್ಟು ಗುಣಾಂಕ ಬೇಕು ಅಂತ ಸಿಗುತ್ತದೆ. 40 ಡಿಬಿ ತಡೆಗೆ ನಾನು ನೆನಪಿಟ್ಟುಕೊಂಡ ಲೆಕ್ಕ ಇದು: ಸ್ಯಾಂಪಲ್ ವೇಗವನ್ನು, ಬಿಡುವ ಮತ್ತು ತಡೆಯುವ ಫ್ರೀಕ್ವೆನ್ಸಿಗಳ ಅಂತರದಿಂದ ಭಾಗಿಸಿ, 2.25ರಿಂದ ಗುಣಿಸಿ. ಪೈಥಾನಿನ ಸೈಪೈ ಲೈಬ್ರರಿಯಲ್ಲಿರುವ ಫಿರ್‌ವಿನ್ ಫಂಕ್ಷನ್‌ಗೆ ಆ ಸಂಖ್ಯೆ ಕೊಟ್ಟು, ಕೈಸರ್ ಬೀಟಾ 3.4 ಅಂತ ಹೇಳಿದರೆ ಪಟ್ಟಿ ಬರುತ್ತದೆ.

ಈ ಲೆಕ್ಕವನ್ನು ಸ್ವಲ್ಪ ತಿರುಗಿಸಿ ನೋಡಿ. ಗುಣಾಂಕಗಳ ಸಂಖ್ಯೆಯನ್ನು ಸ್ಯಾಂಪಲ್ ವೇಗದಿಂದ ಭಾಗಿಸಿದರೆ ಫಿಲ್ಟರ್ ತಿನ್ನುವ ಹೊತ್ತು ಸಿಗುತ್ತದೆ. ಆಗ ಸ್ಯಾಂಪಲ್ ವೇಗ ಹೊಡೆದುಹೋಗುತ್ತದೆ! ಉಳಿಯುವುದು 2.25 ಭಾಗಿಸು ಅಂತರ, ಅಷ್ಟೇ. ಅಂತರ 1 ಹರ್ಟ್ಜ್ ಆದರೆ ಎರಡೂಕಾಲು ಸೆಕೆಂಡ್. ಎಷ್ಟೇ ದುಬಾರಿ ಎಡಿಸಿ ತನ್ನಿ, ಎಷ್ಟೇ ವೇಗದ ಪ್ರೊಸೆಸರ್ ತನ್ನಿ, ಹತ್ತಿರ ಹತ್ತಿರ ಇರುವ ಎರಡನ್ನು ಬೇರೆ ಮಾಡಲು ಅಷ್ಟು ಹೊತ್ತು ಬೇಕೇ ಬೇಕು. ಈ ಒಂದು ಸಂಗತಿ ಮನಸ್ಸಿಗೆ ಇಳಿದ ದಿನ ನನಗೆ ಫಿಲ್ಟರ್ ವಿನ್ಯಾಸ ಅರ್ಥವಾಯಿತು ಅನ್ನಿಸಿತು.

ನನ್ನ ಲೆಕ್ಕದಲ್ಲಿ 0.3ರವರೆಗೆ ಬಿಟ್ಟು 1.3ರಿಂದ ತಡೆಯಬೇಕಿತ್ತು. 113 ಗುಣಾಂಕ, 2.26 ಸೆಕೆಂಡ್. ಚಿಕ್ಕಪ್ಪ ಹೇಳಿದ್ದು ಒಂದೂವರೆ.

ಹಾಗಾದರೆ? ಇಲ್ಲೇ ಮೊದಲ ಹಂತದ ಗ್ರಾಫ್ ಕೆಲಸಕ್ಕೆ ಬರುವುದು. 1.3ರಿಂದ ಮೇಲಿನದೆಲ್ಲವನ್ನೂ ಒಂದೇ ಸಮ ತಡೆಯಬೇಕಾದ ಅಗತ್ಯ ನಮಗಿಲ್ಲ. ಗದ್ದಲ ಇರುವುದು 1.6ರ ಸುತ್ತ ಮತ್ತು 24ರ ಸುತ್ತ. ಅಲ್ಲಿ ಸೊನ್ನೆ ಬಿದ್ದರೆ ಸಾಕು. 1.6 ಹರ್ಟ್ಜ್‌ನ ಒಂದು ಸುತ್ತಿಗೆ 50ರ ವೇಗದಲ್ಲಿ 31 ಅಂಕಿ. 31 ಅಂಕಿಗಳ ಸರಾಸರಿಯನ್ನು ಎರಡು ಸಲ ತೆಗೆದರೆ ಸಿಗುವ ಪಟ್ಟಿ ಎಷ್ಟು ಸರಳ ನೋಡಿ: 1, 2, 3 ಅಂತ ಏರುತ್ತಾ 31, ಮತ್ತೆ ಇಳಿಯುತ್ತಾ 3, 2, 1. ಒಟ್ಟು 61 ಗುಣಾಂಕ, ಎಲ್ಲ ಪೂರ್ಣಾಂಕ, ಮೊತ್ತ 961. ಸೊನ್ನೆಯಿಂದ ಶೇಕಡಾ 10 ಆಚೀಚೆ ಹೋದರೂ 38 ಡಿಬಿ ತಗ್ಗಿಸುತ್ತದೆ. ಹಾಗಾಗಿ ಕ್ಯಾನು ಕಾಲುಭಾಗ ಇದ್ದು ತುಳುಕಾಟ 1.5ಕ್ಕೆ ಬಂದರೂ 400 ಗ್ರಾಂ 5 ಗ್ರಾಂಗೂ ಕಡಿಮೆ ಆಗುತ್ತದೆ. ಸಿಐಸಿಯೂ ಸೇರಿ ಪೂರ್ತಿ ನಿಲ್ಲಲು 1.26 ಸೆಕೆಂಡ್.

ಚುರುಕು ಫಿಲ್ಟರಿಗೂ ಇದೇ ಉಪಾಯ. 8 ಅಂಕಿಗಳ ಸರಾಸರಿ ಎರಡು ಸಲ. ಪಟ್ಟಿ 1ರಿಂದ 8, ಮತ್ತೆ 1ಕ್ಕೆ. 15 ಗುಣಾಂಕ, ಮೊತ್ತ 64. 24 ಹರ್ಟ್ಜ್‌ನಲ್ಲಿ 49 ಡಿಬಿ, ಸಿಐಸಿಯ 11 ಸೇರಿ 60ರ ಹತ್ತಿರ. ಮೋಟರಿನ 300 ಗ್ರಾಂ ಅರ್ಧ ಗ್ರಾಂಗೂ ಕಡಿಮೆ ಆಗುತ್ತದೆ. ಹೊತ್ತು 0.34 ಸೆಕೆಂಡ್. ತುಳುಕಾಟ ಇದರಲ್ಲಿ ಹಾಗೇ ಕಾಣುತ್ತದೆ, ಅಂದಾಜು ಅಂಕಿಗೆ ಅದು ಪರವಾಗಿಲ್ಲ.

ಒಂದೇ ಸಾಲಿನ ಐಐಆರ್ ಫಿಲ್ಟರ್ ಯಾಕೆ ಬೇಡ ಅಂತ ಕೆಲವರು ಕೇಳಬಹುದು. ಹೊಸ ಅಂಕಿಗೂ ಹಳೆ ಉತ್ತರಕ್ಕೂ ಇರುವ ವ್ಯತ್ಯಾಸದ ಎಂಟನೇ ಒಂದನ್ನು ಕೂಡಿಸುತ್ತಾ ಹೋಗುವುದು. ಬರೆಯಲು ಸುಲಭ, ನಿಜ. ಆದರೆ ಅದರ ಬಾಲ ಉದ್ದ. 20 ಕೆಜಿ ಇಟ್ಟಾಗ 10 ಗ್ರಾಂ ಒಳಗೆ ಬರಲು 1.1 ಸೆಕೆಂಡಿಗಿಂತ ಜಾಸ್ತಿ ಬೇಕು, 24 ಹರ್ಟ್ಜ್‌ನಲ್ಲಿ ತಗ್ಗುವುದು ಬರೀ 23 ಡಿಬಿ. ನಮ್ಮ 15 ಗುಣಾಂಕದ ಪಟ್ಟಿ ಮೂರನೇ ಒಂದು ಹೊತ್ತಿನಲ್ಲಿ ಎರಡು ಪಟ್ಟು ಡಿಬಿ ಕೊಡುತ್ತದೆ. ತೂಕದಂಥ ಕೆಲಸಕ್ಕೆ ನಾನು ಎಫ್‌ಐಆರ್ ಪರ.

ನಿಮ್ಮ ಸಿಗ್ನಲ್‌ನಲ್ಲಿ ನಿಜವಾಗಿಯೂ ಕಾಪಾಡಬೇಕಾದ ಏರಿಳಿತ ಇದ್ದರೆ, ಉದಾಹರಣೆಗೆ ಇಸಿಜಿ ಅಥವಾ ಯಂತ್ರದ ಕಂಪನ, ಈ ತ್ರಿಕೋನದ ಪಟ್ಟಿ ಬೇಡ. ಆಗ ಕೈಸರ್ ದಾರಿಯೇ ಸರಿ. ಸಿಐಸಿ 10 ಹರ್ಟ್ಜ್‌ನಲ್ಲೇ 1.7 ಡಿಬಿ ಕುಗ್ಗಿಸುತ್ತದೆ, ಅದನ್ನೂ ಎಫ್‌ಐಆರ್‌ನಲ್ಲಿ ತುಂಬಿಕೊಡಬೇಕಾಗುತ್ತದೆ. ದಶಮಾಂಶ ಗುಣಾಂಕಗಳನ್ನು 32768ರಿಂದ ಗುಣಿಸಿ ಪೂರ್ಣಾಂಕ ಮಾಡಿದ ಮೇಲೆ ಎಲ್ಲ ಕೂಡಿ ನೋಡಿ. ಮೊತ್ತ ಸರಿಯಾಗಿ 32768 ಇರಬೇಕು. ಒಂದು ಹೆಚ್ಚು ಕಡಿಮೆ ಆದರೆ 40 ಕೆಜಿಯಲ್ಲಿ 1.2 ಗ್ರಾಂ ತಪ್ಪು. ವ್ಯತ್ಯಾಸವನ್ನು ನಡುವಿನ ಗುಣಾಂಕಕ್ಕೆ ಸೇರಿಸಿಬಿಡಿ.

7. ಬದಲಾಯಿಸುವ ವ್ಯವಸ್ಥೆ

ಪ್ರತಿ ಫಿಲ್ಟರಿಗೂ ಒಂದು ದಾಖಲೆ ಮಾಡಿ. ಅದರಲ್ಲಿ ಗುಣಾಂಕಗಳ ಸಂಖ್ಯೆ, ಪಟ್ಟಿ, ಮೊತ್ತ. ಉತ್ತರವನ್ನು 8000 ಮತ್ತು ಆ ಮೊತ್ತ ಎರಡರಿಂದಲೂ ಭಾಗಿಸಬೇಕು. ಇದನ್ನು ತೂಕಕ್ಕೆ ತಿರುಗಿಸುವ ಕೊನೆಯ ಲೆಕ್ಕದಲ್ಲೇ ಮಾಡಿ. ಹೀಗೆ ಮಾಡಿದರೆ ಯಾವ ಫಿಲ್ಟರಿಗೆ ಹೋದರೂ ತೂಕ ಒಂದೇ ಇರುತ್ತದೆ, ಕ್ಯಾಲಿಬ್ರೇಶನ್ ಮತ್ತೆ ಮಾಡಬೇಕಿಲ್ಲ. 37 ಬಿಟ್‌ಗೆ 961ರ 10 ಬಿಟ್ ಸೇರಿದರೂ 47. 64ರಲ್ಲಿ ಆರಾಮಾಗಿ ಕೂರುತ್ತದೆ.

ಹೊರಗಿನಿಂದ ಹೊಸ ಪಟ್ಟಿ ಕಳಿಸುವ ಸೌಲಭ್ಯ ಇಡುವುದಾದರೆ ಎರಡು ಬ್ಯಾಂಕ್ (ಪಟ್ಟಿ ಇಡುವ ಜಾಗ) ಇಡಿ. ಒಂದು ಓಡುತ್ತಿರಲಿ, ಇನ್ನೊಂದಕ್ಕೆ ಬರೆಯಿರಿ. ಪೂರ್ತಿ ಬಂದ ಮೇಲೆ, ಮೊತ್ತ ತಾಳೆ ಆದ ಮೇಲೆ, ಎರಡು ಲೆಕ್ಕಗಳ ನಡುವೆ ಪಾಯಿಂಟರ್ ಬದಲಾಯಿಸಿ. ಅರ್ಧ ಹಳೆಯದು ಅರ್ಧ ಹೊಸದು ಇರುವ ಪಟ್ಟಿ ಒಂದು ಸಲವೂ ಓಡಬಾರದು.

ಚುರುಕು, ನಿಧಾನ ಎರಡನ್ನೂ ನಾನು ಸದಾ ಓಡಿಸುತ್ತೇನೆ. ಸೆಕೆಂಡಿಗೆ 76 ಗುಣಾಕಾರ ಐವತ್ತು ಸಲ, ಒಟ್ಟು 3800. ಎಸ್‌ಟಿಎಂ32ಗೆ ಇದು ಲೆಕ್ಕಕ್ಕೇ ಇಲ್ಲ. ಯಾವುದನ್ನು ತೋರಿಸಬೇಕು ಅನ್ನುವುದಷ್ಟೇ ಪ್ರಶ್ನೆ. ಮೊದಲು ಎರಡರ ವ್ಯತ್ಯಾಸ 100 ಗ್ರಾಂ ದಾಟಿದರೆ ಚುರುಕನ್ನು ತೋರಿಸು ಅಂತ ಬರೆದೆ. ತುಳುಕಾಟಕ್ಕೇ 100 ದಾಟಿ, ಡಿಸ್‌ಪ್ಲೇ ಆಚೆ ಈಚೆ ಹಾರುತ್ತಿತ್ತು. ಮಿತಿ ತುಳುಕಾಟಕ್ಕಿಂತ ಸಾಕಷ್ಟು ದೊಡ್ಡದಿರಬೇಕು. ಈಗಿನ ನಿಯಮ: ವ್ಯತ್ಯಾಸ 2 ಕೆಜಿ ದಾಟಿದರೆ ಚುರುಕನ್ನು ತೋರಿಸು, 100 ಗ್ರಾಂಗೆ ದುಂಡಗೆ ಮಾಡು, 1.3 ಸೆಕೆಂಡಿನ ಟೈಮರ್ ಹಚ್ಚು. ಟೈಮರ್ ಮುಗಿದಾಗ ನಿಧಾನದ್ದಕ್ಕೆ ಬಾ. ಆ ನಡುವೆ ಮತ್ತೆ ದಾಟಿದರೆ ಟೈಮರ್ ಮೊದಲಿನಿಂದ.

8. ಎಡಿಸಿ ಒಳಗೇ ಫಿಲ್ಟರ್ ಇದ್ದರೆ

ಎಷ್ಟೋ ಚಿಪ್‌ಗಳಲ್ಲಿ ಈ ಕೆಲಸದ ದೊಡ್ಡ ಪಾಲು ರಿಜಿಸ್ಟರ್ (ಚಿಪ್ಪಿನ ಸೆಟ್ಟಿಂಗ್ ಇಡುವ ಜಾಗ) ಬರೆಯುವುದರಲ್ಲೇ ಮುಗಿಯುತ್ತದೆ. ತೂಕದ ಯಂತ್ರಕ್ಕೆಂದೇ ಬರುವ ಎಡಿ7190ರಲ್ಲಿ ಸಿಂಕ್3, ಸಿಂಕ್4 ಎರಡೂ ಇವೆ. ಫಿಲ್ಟರ್ ರಿಜಿಸ್ಟರಿಗೆ 96 ಬರೆದರೆ ಮೊದಲ ಸೊನ್ನೆ 50ಕ್ಕೆ, 480 ಬರೆದರೆ 10ಕ್ಕೆ ಬೀಳುತ್ತದೆ. 10ಕ್ಕೆ ಬಿದ್ದರೆ 50 ಮತ್ತು 60 ಎರಡೂ ಹೋಗುತ್ತವೆ. ಅಗ್ಗದ ಎಚ್‌ಎಕ್ಸ್711 ಸೆಕೆಂಡಿಗೆ 10ರಲ್ಲಿ ಓದುವಾಗಲೂ ಹೀಗೇ. ಅಡುಗೆಮನೆಯ ತಕ್ಕಡಿಗೆ ಅದೇ ಸಾಕು, ಸುಮ್ನೆ ಇಷ್ಟೆಲ್ಲ ಮಾಡಬೇಡಿ. ಎಡಿ7760ಯಂಥ ವೇಗದ ಎಡಿಸಿಗಳಿಗೆ ನಿಮ್ಮದೇ ಎಫ್‌ಐಆರ್ ಗುಣಾಂಕಗಳನ್ನು ಒಳಗೆ ಇಳಿಸಬಹುದು. ಕೆಲವು ಎಸ್‌ಟಿಎಂ32ಗಳಲ್ಲಿ ಡಿಎಫ್‌ಎಸ್‌ಡಿಎಂ ಎಂಬ ಭಾಗ ಸಿಂಕ್ ಫಿಲ್ಟರನ್ನು ಹಾರ್ಡ್‌ವೇರಿನಲ್ಲೇ ಮಾಡುತ್ತದೆ. ಎಲ್ಲಿ ಮಾಡಿದರೂ ಸಿಂಕ್3 ಆದರೆ ಮೂರು ಉತ್ತರ, ಸಿಂಕ್4 ಆದರೆ ನಾಲ್ಕು ಉತ್ತರ ಕಾಯಬೇಕು.

9. ಪರೀಕ್ಷೆ

ಮೊದಲು ಎಡಿಸಿ ಇಲ್ಲದೆ. ಕೋಡಿಗೆ ಸದಾ 1000 ಅಂತ ಕೊಡಿ. ಎರಡೂ ಫಿಲ್ಟರಿನಿಂದ ಸರಿಯಾಗಿ 1000 ಬರಬೇಕು. ಎಫ್‌ಐಆರ್‌ಗೆ ಮಾತ್ರ ಒಂದು 1, ಉಳಿದದ್ದೆಲ್ಲ 0 ಕೊಡಿ. ನಿಮ್ಮ ಪಟ್ಟಿಯೇ ಸಾಲಾಗಿ ಹೊರಗೆ ಬರಬೇಕು. ಆಮೇಲೆ ಲೆಕ್ಕ ಹಾಕಿದ 49.5 ಹರ್ಟ್ಜ್ ಸೈನ್ ಅಲೆ ಕೊಡಿ. ಹೊರಗೆ ಏನೂ ಕಾಣಬಾರದು. ಖಾತೆಗಳನ್ನು ಉಕ್ಕುವ ಅಂಚಿನ ಸಂಖ್ಯೆಯಿಂದ ಶುರುಮಾಡಿಯೂ ಒಮ್ಮೆ ಓಡಿಸಿ.

ನಂತರ ಜಾಗದಲ್ಲೇ. ಮೋಟರ್ ಹಾಕಿ, ಗೊತ್ತಿರುವ 20 ಕೆಜಿ ಕಲ್ಲು ಇಟ್ಟು, ಎರಡೂ ಉತ್ತರಗಳನ್ನು ದಾಖಲಿಸಿ. ಕಲ್ಲು ತುಳುಕುವುದಿಲ್ಲ, ಹಾಗಾಗಿ ಮೋಟರಿನ ಪಾಲು ಮಾತ್ರ ಸಿಗುತ್ತದೆ. ಆಮೇಲೆ ನೀರು ತುಂಬಿದ ಕ್ಯಾನು, ಅರ್ಧ, ಕಾಲು, ಪೂರ್ತಿ.

ಕೊನೆಯದು, ಖಾಲಿ ಪ್ಲಾಟ್‌ಫಾರ್ಮನ್ನು ಒಂದು ರಾತ್ರಿ ಓಡಿಸಿಟ್ಟು ಬೆಳಿಗ್ಗೆ ಗ್ರಾಫ್ ನೋಡಿ. ನಮ್ಮಲ್ಲಿ ನಡುರಾತ್ರಿಯಿಂದ ಬೆಳಿಗ್ಗೆಗೆ ಸೊನ್ನೆ ಮೆಲ್ಲಗೆ ಜಾರಿತ್ತು. ಚಳಿಗೆ ಲೋಹ ಮತ್ತು ಸರ್ಕ್ಯೂಟು ಎರಡೂ ಬದಲಾಗುತ್ತವೆ. ಈ ಜಾರುವಿಕೆ ತೂಕದಷ್ಟೇ ನಿಧಾನ, ಅದನ್ನು ತೂಕದಿಂದ ಬೇರೆ ಮಾಡುವ ಗುಣಾಂಕಗಳ ಪಟ್ಟಿ ಇಲ್ಲ. ಎಡಿಸಿಯ ರೆಫರೆನ್ಸನ್ನು, ಅಂದರೆ ಅಳೆಯುವಾಗ ಅದು ಹೋಲಿಸಿ ನೋಡುವ ವೋಲ್ಟೇಜನ್ನು, ಲೋಡ್‌ಸೆಲ್‌ಗೆ ಕೊಡುವ 5 ವೋಲ್ಟಿನಿಂದಲೇ ಅರ್ಧಕ್ಕೆ ಇಳಿಸಿ ತೆಗೆದುಕೊಂಡೆ. ಆಗ 5 ವೋಲ್ಟ್ ಏರಿಳಿದರೂ ತೂಕ ಬದಲಾಗುವುದಿಲ್ಲ. ಉಳಿದದ್ದಕ್ಕೆ ಒಂದು ಬಟನ್ ಇಟ್ಟಿದ್ದೇನೆ. ಚಿಕ್ಕಪ್ಪ ಬೆಳಿಗ್ಗೆ ಮೊದಲ ಕ್ಯಾನು ಇಡುವ ಮುಂಚೆ ಅದನ್ನು ಒತ್ತಿ, ಸೊನ್ನೆ ನೋಡಿಕೊಂಡು, ಆಮೇಲೆ ಕ್ಯಾನು ಎತ್ತಿಡುತ್ತಾರೆ.